ಬೆಕ್ಕಿನ ಮೇಲ್ದುಟಿ ಊದಿದೆ, ನೋವಿಲ್ಲ: ಒಂದೇ ಇಂಜೆಕ್ಷನ್ ಸಾಕೇ, ಮಾತ್ರೆಯ ದಾರಿ ಹಿಡಿಯಲೇ?

ಕಿಟಕಿಯಂಚು

ನಮ್ಮ ಹೆಣ್ಣು ಬೆಕ್ಕಿಗೆ ನಾಲ್ಕು ವರ್ಷ. ಹತ್ತು ದಿನಗಳ ಹಿಂದೆ ಮಡಿಲಲ್ಲಿ ಮಲಗಿದ್ದಾಗ ಮೇಲ್ದುಟಿಯ ಬಲಭಾಗ ತುಸು ದಪ್ಪಗಾದಂತೆ ಕಂಡಿತು. ಮುನಿಸಿಕೊಂಡ ಮಗುವಿನ ಮುಖದ ಹಾಗಿದೆ ಎಂದು ನಕ್ಕು ಫೋಟೊ ತೆಗೆದು ನೆಂಟರಿಗೆಲ್ಲ ಕಳಿಸಿದೆ. ಮೊನ್ನೆ ತುಟಿ ಎತ್ತಿ ನೋಡಿದರೆ ಕೋರೆಹಲ್ಲಿನ ಎದುರಿಗೆ ಹೆಸರುಕಾಳಿನಷ್ಟು ಜಾಗ ಚರ್ಮ ಸವೆದು, ನಡುವೆ ಹಳದಿ ಮಿಶ್ರಿತ ಗುಲಾಬಿ ಬಣ್ಣಕ್ಕೆ ತಿರುಗಿದೆ. ಅಂಚು ಗಟ್ಟಿಯಾಗಿ ಉಬ್ಬಿದೆ. ಮುಟ್ಟಿದರೆ ಅವಳಿಗೆ ಏನೂ ಅನ್ನಿಸುವುದಿಲ್ಲ. ಊಟ, ಆಟ, ಬೆಳಗಿನ ಜಾವ ನನ್ನ ಕಾಲು ಕಚ್ಚುವುದು ಎಲ್ಲವೂ ಎಂದಿನಂತೆ ನಡೆದಿದೆ.

ಪಶುವೈದ್ಯರು ನೋಡಿದ ಕೂಡಲೇ ಇದು ಅಲರ್ಜಿಯಿಂದ ಬರುವ ತುಟಿಹುಣ್ಣು ಇರಬೇಕು ಎಂದರು. ಗಾಜಿನ ಪಟ್ಟಿಯನ್ನು ಹುಣ್ಣಿಗೆ ಒತ್ತಿ ಸೂಕ್ಷ್ಮದರ್ಶಕದಲ್ಲಿ ನೋಡಿ, ಇಯೊಸಿನೊಫಿಲ್ ಕಣಗಳು ತುಂಬಿವೆ, ಜೊತೆಗೆ ಸ್ವಲ್ಪ ಬ್ಯಾಕ್ಟೀರಿಯಾ ಇದೆ ಎಂದರು. ನಂತರ ಎರಡು ದಾರಿ ಮುಂದಿಟ್ಟರು. ಹಲವು ವಾರ ಕೆಲಸ ಮಾಡುವ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟು ಮುಗಿಸುವುದು ಒಂದು. ದಿನವೂ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಕೊಟ್ಟು, ನಿಧಾನವಾಗಿ ಇಳಿಸುತ್ತ ಹೋಗಿ, ಜೊತೆಗೆ ಚಿಗಟದ ಔಷಧ ಹಾಕುತ್ತ ಕಾರಣ ಹುಡುಕುವುದು ಇನ್ನೊಂದು. ಎರಡು ದಿನ ಸಮಯ ಕೇಳಿ ಮನೆಗೆ ಬಂದೆ. ಮಾತ್ರೆ ಎಂದರೆ ನಮ್ಮ ಮನೆಯಲ್ಲಿ ಯುದ್ಧ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ರಾತ್ರಿಪಾಳಿ

ಉತ್ತರಕ್ಕೆ ಮೊದಲು ಒಂದಿಷ್ಟು ಪ್ರಶ್ನೆಗಳು. ಊತ ಒಂದೆರಡು ಗಂಟೆಯಲ್ಲಿ ಬಂತೇ, ವಾರಗಟ್ಟಲೆ ಬೆಳೆಯಿತೇ? ಕಣಜವೋ ಜೇನೋ ಕುಟುಕಿದರೆ ತುಟಿ ನಿಮಿಷಗಳಲ್ಲಿ ಬಲೂನಿನಂತಾಗುತ್ತದೆ. ಆಗ ಉಸಿರಾಟಕ್ಕೆ ತೊಂದರೆಯಾದರೆ, ವಾಂತಿ ಶುರುವಾದರೆ, ಅದು ಓಡಿಹೋಗಿ ವೈದ್ಯರನ್ನು ಕಾಣುವ ಸಂಗತಿ, ಇಲ್ಲಿ ಕುಳಿತು ಬರೆಯುವ ಸಂಗತಿಯಲ್ಲ. ಬೇರೆ ಬೆಕ್ಕಿನೊಂದಿಗೆ ಜಗಳವಾಗಿತ್ತೇ? ಕಚ್ಚಿದ ಗಾಯ ಮೇಲೆ ಮುಚ್ಚಿಕೊಂಡು ಒಳಗೆ ಕೀವು ತುಂಬಲು ಎರಡು ಮೂರು ದಿನ ಬೇಕು. ಅದು ಬಿಸಿಯಾಗಿರುತ್ತದೆ, ನೋಯುತ್ತದೆ, ಜ್ವರವೂ ಬರಬಹುದು. ಬೆಕ್ಕಿನ ಮೈಬಿಸಿ ಸಹಜವಾಗಿ 38ರಿಂದ 39.2 ಡಿಗ್ರಿ ಸೆಲ್ಸಿಯಸ್ ಇರುತ್ತದೆ, ಹಾಗಾಗಿ ಕೈಗೆ ಬೆಚ್ಚಗೆ ಹತ್ತಿದ ಮಾತ್ರಕ್ಕೆ ಜ್ವರವೆಂದುಕೊಳ್ಳಬೇಡಿ.

ಮೊಬೈಲ್ ಚಾರ್ಜರ್ ವೈರ್ ಕಡಿಯುವ ಅಭ್ಯಾಸ ಇದೆಯೇ? ಕರೆಂಟು ತಗುಲಿ ತುಟಿ ಸುಟ್ಟ ಬೆಕ್ಕನ್ನು ನಾನು ನೋಡಿದ್ದೇನೆ. ಸುಟ್ಟ ಗಾಯಕ್ಕಿಂತ, ಆಮೇಲೆ ಒಂದು ದಿನದೊಳಗೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವುದೇ ಅದಕ್ಕೆ ಹೆಚ್ಚು ಅಪಾಯ ತಂದಿತು. ಹಲ್ಲು ನೋಡಿದರೇ? ಕೋರೆಹಲ್ಲಿನ ಬೇರಿಗೆ ಕೀವಾದರೂ ತುಟಿ ಉಬ್ಬುತ್ತದೆ.

ಕಿಟಕಿಯಂಚು

ನಿಧಾನವಾಗಿಯೇ ಬೆಳೆದದ್ದು. ಜಗಳವಿಲ್ಲ, ಮನೆಯಲ್ಲಿ ಇನ್ನೊಂದು ಗಂಡು ಬೆಕ್ಕು ಇದೆ, ಅವನು ಸನ್ಯಾಸಿ. ವೈರ್ ಕಡಿಯುವುದಿಲ್ಲ. ಹಲ್ಲು, ಒಸಡು ಸರಿಯಾಗಿವೆ ಎಂದರು. ಇಬ್ಬರೂ ಹೊರಗೆ ಹೋಗುವುದಿಲ್ಲ, ಆದ್ದರಿಂದ ಚಿಗಟದ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಒಂದು ಚಿಗಟವನ್ನೂ ನಾನು ಕಂಡಿಲ್ಲ.

ಮೂರುಬೆಕ್ಕು

ನಾನು ಇಂಜೆಕ್ಷನ್ ಪಕ್ಷ. ಇಲ್ಲಿ ಆ ಮಾತು ಆಡಿದರೆ ಎಲ್ಲರೂ ಹುಬ್ಬು ಗಂಟಿಕ್ಕುತ್ತಾರೆಂದು ಗೊತ್ತಿದ್ದೇ ಹೇಳುತ್ತಿದ್ದೇನೆ. ನಮ್ಮ ಅಂಗಳಕ್ಕೆ ಬರುವ ಗಂಡು ಬೆಕ್ಕಿಗೆ ಇದೇ ಹುಣ್ಣು ಮೂಗಿನ ಬುಡದವರೆಗೂ ತಿಂದುಹಾಕಿತ್ತು. ಅದನ್ನು ಮುಟ್ಟಲಿಕ್ಕೆ ಸಾಧ್ಯವಿಲ್ಲ, ದಿನಕ್ಕೊಂದು ಮಾತ್ರೆ ಎಲ್ಲಿಂದ ಬಂತು? ಬೋನಿನಲ್ಲಿ ಹಿಡಿದು ಒಂದು ಇಂಜೆಕ್ಷನ್ ಹಾಕಿಸಿದೆವು. ಎರಡು ವಾರದಲ್ಲಿ ತುಟಿ ಮೊದಲಿನಂತಾಯಿತು. ಏಳು ತಿಂಗಳ ನಂತರ ಮರುಕಳಿಸಿದಾಗ ಇನ್ನೊಂದು. ಅಷ್ಟೇ. ಪುಸ್ತಕದ ಪ್ರಕಾರ ಸರಿಯಾದ ಚಿಕಿತ್ಸೆ ಬೆಕ್ಕಿನ ಬಾಯೊಳಗೆ ಹೋಗದಿದ್ದರೆ ಅದು ಇದ್ದೂ ಇಲ್ಲದಂತೆ.

ಹಳೆಯಮೀಸೆ

ನಿಮ್ಮ ಬೆಕ್ಕಿಗೆ ಎರಡು. ನಮ್ಮದಕ್ಕೆ ಎರಡು ವರ್ಷದಲ್ಲಿ ಹನ್ನೊಂದು.

ಮೊದಲ ಸಲ ಪವಾಡದಂತೆ ಕಂಡಿತು. ಮೂರು ತಿಂಗಳಿಗೆ ತುಟಿ ಮತ್ತೆ ಊದಿತು, ಮತ್ತೆ ಸೂಜಿ. ಆಮೇಲಾಮೇಲೆ ಎರಡು ತಿಂಗಳಿಗೊಮ್ಮೆ. ಯಾರೂ ಏಕೆ ಬರುತ್ತಿದೆ ಎಂದು ಕೇಳಲಿಲ್ಲ. ಅದರಲ್ಲಿ ಮೊದಲ ತಪ್ಪು ನನ್ನದೇ, ಹೋಗಿ ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿಕೊಂಡು ಬರುವುದು ನನಗೂ ಹಿತವಾಗಿತ್ತು. ಬೆಕ್ಕು ಸ್ವಲ್ಪ ಡುಮ್ಮಗಿತ್ತು. ಒಂದು ದಿನ ನೀರಿನ ಬಟ್ಟಲು ಮಧ್ಯಾಹ್ನಕ್ಕೇ ಖಾಲಿಯಾಗಿರುವುದು ಕಣ್ಣಿಗೆ ಬಿತ್ತು. ಮೂತ್ರದ ಪೆಟ್ಟಿಗೆಯಲ್ಲಿ ಮರಳೆಲ್ಲ ಮುದ್ದೆ. ಪರೀಕ್ಷೆ ಮಾಡಿಸಿದರೆ ಮಧುಮೇಹ. ದಿನಕ್ಕೆ ಎರಡು ಸಲ ಇನ್ಸುಲಿನ್ ಚುಚ್ಚಿದೆವು. ಸ್ಟೀರಾಯ್ಡ್ ಪೂರ್ತಿ ನಿಂತ ಮೇಲೆ, ತೂಕ ಇಳಿಸಿದ ಮೇಲೆ, ಐದು ತಿಂಗಳಿಗೆ ಇನ್ಸುಲಿನ್ ಬೇಡವಾಯಿತು. ಎಲ್ಲರಿಗೂ ಆ ಅದೃಷ್ಟ ಇರುವುದಿಲ್ಲವಂತೆ.

ಮಾತ್ರೆಯಿಂದಲೂ ಮಧುಮೇಹ ಬರಬಹುದು, ಅದನ್ನು ಒಪ್ಪುತ್ತೇನೆ. ಆದರೆ ತೊಂದರೆ ಕಂಡ ದಿನ ಮಾತ್ರೆಯನ್ನು ಇಳಿಸಲು ಶುರುಮಾಡಬಹುದು. ಒಳಗೆ ಹೋದ ಇಂಜೆಕ್ಷನ್ ತನ್ನ ವಾರಗಳನ್ನು ಮುಗಿಸಿಯೇ ಹೊರಡುತ್ತದೆ.

ಸೂಜಿದಾರ

ನಾನು ವೈದ್ಯೆಯಲ್ಲ. ಪ್ರಾಣಿ ಚಿಕಿತ್ಸಾಲಯದಲ್ಲಿ ಸಹಾಯಕಿಯಾಗಿ ಒಂಬತ್ತು ವರ್ಷ ಬೆಕ್ಕುಗಳನ್ನು ಹಿಡಿದುಕೊಂಡು ನಿಂತವಳು. ಕಿಟಕಿಯಂಚು ಅವರೇ, ನಿಮ್ಮ ವೈದ್ಯರು ಗಾಜಿನ ಪಟ್ಟಿ ಒತ್ತಿ ನೋಡಿದ್ದು ಒಳ್ಳೆಯ ಲಕ್ಷಣ. ಎಷ್ಟೋ ಕಡೆ ತುಟಿ ನೋಡಿದ ಕೂಡಲೇ ಸೂಜಿ ತುಂಬುತ್ತಾರೆ.

ಇಯೊಸಿನೊಫಿಲ್ ಎಂದರೆ ಒಂದು ಬಗೆಯ ಬಿಳಿ ರಕ್ತಕಣ, ಮುಖ್ಯವಾಗಿ ಪರೋಪಜೀವಿ ಮತ್ತು ಅಲರ್ಜಿಗೆ ಎದ್ದು ಬರುವ ಪಡೆ. ಬೆಕ್ಕಿನ ಚರ್ಮದಲ್ಲಿ ಈ ಪಡೆ ಮೂರು ವೇಷದಲ್ಲಿ ಕಾಣಿಸಿಕೊಳ್ಳುತ್ತದೆ. ಮೇಲ್ದುಟಿಯಲ್ಲಿ ನೋವಿಲ್ಲದ ಹುಣ್ಣಾಗಿ. ಹೊಟ್ಟೆ, ತೊಡೆಯ ಒಳಭಾಗದಲ್ಲಿ ಭಯಂಕರ ತುರಿಸುವ ಕೆಂಪು ಒದ್ದೆ ದದ್ದಾಗಿ. ತೊಡೆಯ ಹಿಂದೆ ಗೆರೆಯಂತೆ, ಅಥವಾ ಗದ್ದ, ಕೆಳದುಟಿ, ನಾಲಿಗೆಯಲ್ಲಿ ಗಂಟಾಗಿ. ಒಂದೇ ಬೆಕ್ಕಿಗೆ ಎರಡು ವೇಷ ಒಟ್ಟಿಗೆ ಬರುವುದೂ ಉಂಟು, ಆದ್ದರಿಂದ ಹೊಟ್ಟೆಯ ಕೂದಲು ಸರಿಸಿ ನೋಡಿ. ತುಟಿಹುಣ್ಣಿಗೆ ಹಿಂದಿನವರು ಇಲಿಯ ಹೆಸರು ಇಟ್ಟಿದ್ದರು, ಇಲಿ ಹಿಡಿಯುವುದರಿಂದ ಬರುತ್ತದೆಂದು ನಂಬಿ. ಪಾಪ, ಇಲಿಗೂ ಇದಕ್ಕೂ ಸಂಬಂಧವಿಲ್ಲ.

ಮುಖ್ಯ ಮಾತು ಏನೆಂದರೆ, ಇದು ರೋಗದ ಹೆಸರಲ್ಲ, ಚರ್ಮ ಸಿಡುಕುವ ರೀತಿಯ ಹೆಸರು. ಸಿಡುಕಿಗೆ ಕಾರಣ ಚಿಗಟ ಇರಬಹುದು, ಆಹಾರದ ಪ್ರೋಟೀನ್ ಇರಬಹುದು, ಧೂಳಿನ ನುಸಿ, ಪರಾಗ, ಸೊಳ್ಳೆ ಕಡಿತ ಇರಬಹುದು. ಕೆಲವು ಬೆಕ್ಕುಗಳಲ್ಲಿ ಎಷ್ಟು ಹುಡುಕಿದರೂ ಕಾರಣ ಸಿಗುವುದಿಲ್ಲ. ಸ್ಟೀರಾಯ್ಡ್ ಯಾವ ರೂಪದಲ್ಲಿ ಕೊಟ್ಟರೂ ಸಿಡುಕನ್ನು ಅಡಗಿಸುತ್ತದೆ, ಕಾರಣ ಅಲ್ಲೇ ಕೂತಿರುತ್ತದೆ.

ಮಾತ್ರೆಯಾದರೆ ಪ್ರೆಡ್ನಿಸೊಲೋನ್ ಎಂದೇ ಓದಿ ತೆಗೆದುಕೊಳ್ಳಿ. ಪ್ರೆಡ್ನಿಸೋನ್ ಎಂಬ ಅದರ ಅಣ್ಣನನ್ನು ಬೆಕ್ಕಿನ ದೇಹ ಸರಿಯಾಗಿ ಬಳಸಿಕೊಳ್ಳುವುದಿಲ್ಲ. ಪ್ರಮಾಣ ವೈದ್ಯರ ಲೆಕ್ಕ, ಸಾಮಾನ್ಯವಾಗಿ ದಿನಕ್ಕೆ ಕಿಲೋ ತೂಕಕ್ಕೆ 1ರಿಂದ 2 ಮಿಲಿಗ್ರಾಂ, ಕೆಲವೊಮ್ಮೆ ಹೆಚ್ಚು. ಹುಣ್ಣು ಮಾಯುವವರೆಗೆ ಕೊಟ್ಟು ಆಮೇಲೆ ದಿನ ಬಿಟ್ಟು ದಿನಕ್ಕೆ ಇಳಿಸುತ್ತಾರೆ. ತುಟಿ ಚೆನ್ನಾಗಿ ಕಂಡಿತೆಂದು ನೀವೇ ಫಕ್ಕನೆ ನಿಲ್ಲಿಸಬೇಡಿ. ಬ್ಯಾಕ್ಟೀರಿಯಾ ಇದ್ದುದರಿಂದ ಪ್ರತಿಜೀವಕ ಬರೆದುಕೊಟ್ಟಿರಬಹುದು. ಅದು ಡಾಕ್ಸಿಸೈಕ್ಲಿನ್ ಆಗಿದ್ದರೆ ಒಣಮಾತ್ರೆ ನುಂಗಿಸಿ ಸುಮ್ಮನಾಗಬಾರದು, ಅನ್ನನಾಳದಲ್ಲಿ ಸಿಕ್ಕಿಕೊಂಡು ಅಲ್ಲೇ ಹುಣ್ಣು ಮಾಡುತ್ತದೆ, ನಾಳವೇ ಕಿರಿದಾಗಬಹುದು. ಹಿಂದೆಯೇ ಸಿರಿಂಜಿನಲ್ಲಿ ಐದಾರು ಮಿಲಿಲೀಟರ್ ನೀರು ಕುಡಿಸಿ.

ಇಂಜೆಕ್ಷನ್ ಬಗ್ಗೆ ಹಳೆಯಮೀಸೆ ಅವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಹೊರಗೆ ಕಾಣದ ಹೃದಯದ ಕಾಯಿಲೆ ಇರುವ ಬೆಕ್ಕುಗಳಲ್ಲಿ ಆ ದೀರ್ಘಾವಧಿ ಸ್ಟೀರಾಯ್ಡ್ ನಂತರ ಹೃದಯ ಸೋತದ್ದು ದಾಖಲಾಗಿದೆ. ಹಾಗೆಂದು ಅದು ವಿಷವಲ್ಲ. ಮೂರುಬೆಕ್ಕು ಅವರ ಅಂಗಳದ ಬೆಕ್ಕಿನಂಥದ್ದಕ್ಕೆ ಅದೇ ಸರಿ. ಮಡಿಲಲ್ಲಿ ಮಲಗುವ ಬೆಕ್ಕಿಗೆ ಅದು ಮೊದಲ ಆಯ್ಕೆ ಆಗಬೇಕಿಲ್ಲ.

ಪಂಜ7

ಇಷ್ಟೆಲ್ಲ ರಾಸಾಯನಿಕ ಏಕೆ? ಟೀ ಟ್ರೀ ಎಣ್ಣೆ ಎರಡು ಹನಿ ಹಚ್ಚಿ. ನನ್ನ ಮೊಡವೆಗೆ ಎರಡೇ ದಿನ ಸಾಕಾಯಿತು.

ರಾತ್ರಿಪಾಳಿ

ಪಂಜ7 ಅವರೇ, ದಯವಿಟ್ಟು ಬೇಡ. ತುಟಿಗೆ ಹಚ್ಚಿದ್ದನ್ನು ಬೆಕ್ಕು ಅರೆ ನಿಮಿಷದಲ್ಲಿ ನೆಕ್ಕಿರುತ್ತದೆ. ಟೀ ಟ್ರೀ ಎಣ್ಣೆ ಬೆಕ್ಕಿಗೆ ನಂಜು: ನಡುಕ, ತೂರಾಟ, ಮೈ ತಣ್ಣಗಾಗುವುದು. ಮನುಷ್ಯರ ಯಕೃತ್ತಿಗೆ ಕರಗಿಸಲು ಆಗುವ ಎಷ್ಟೋ ವಸ್ತುಗಳನ್ನು ಬೆಕ್ಕಿನ ಯಕೃತ್ತು ಕರಗಿಸಲಾರದು. ಇದೇ ಕಾರಣಕ್ಕೆ ಊತ ಕಂಡು ಪ್ಯಾರಾಸಿಟಮಾಲ್ ಕೊಟ್ಟವರಿದ್ದಾರೆ, ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು.

ಪಂಜ7

ಸರಿ, ಗೊತ್ತಿರಲಿಲ್ಲ. ಬರೆದದ್ದನ್ನು ಅಳಿಸುವುದಿಲ್ಲ, ನನ್ನಂಥ ಇನ್ನೊಬ್ಬರು ಉತ್ತರವನ್ನೂ ಓದಲಿ.

ಕಾಗದದದೋಣಿ

ಹೆದರಿಸಲು ಬರೆಯುತ್ತಿಲ್ಲ. ನಮ್ಮ ಬೆಕ್ಕಿಗೆ ಹದಿಮೂರು ವರ್ಷವಾಗಿತ್ತು. ಕೆಳದುಟಿಯ ಒಳಗೆ ಹುಣ್ಣು. ಅಲರ್ಜಿಯೆಂದು ಎರಡು ತಿಂಗಳು ಒಂದಾದ ಮೇಲೊಂದು ಔಷಧ ಕೊಟ್ಟೆವು, ಸ್ವಲ್ಪ ಇಳಿದಂತೆ ಕಂಡು ಮತ್ತೆ ಬೆಳೆಯಿತು. ಕೊನೆಗೆ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದಾಗ ಸ್ಕ್ವಾಮಸ್ ಕಣದ ಕ್ಯಾನ್ಸರ್ ಎಂದು ಬಂತು. ಅಷ್ಟರಲ್ಲಿ ದವಡೆಯ ಮೂಳೆಗೆ ಇಳಿದಿತ್ತು. ಎರಡು ತಿಂಗಳು ಮೊದಲೇ ತುಣುಕು ತೆಗೆಸಿದ್ದರೆ ಎಂಬ ಯೋಚನೆ ಈಗಲೂ ಬಿಡುವುದಿಲ್ಲ.

ಕಿಟಕಿಯಂಚು

ಓದಿ ಕೈ ತಣ್ಣಗಾಯಿತು. ಹಾಗಾದರೆ ನಾನು ಈಗಲೇ ಬಯಾಪ್ಸಿ ಕೇಳಬೇಕೇ? ಅರಿವಳಿಕೆ ಕೊಡಬೇಕಾಗುತ್ತದೆ ಎಂದಿದ್ದರು.

ಸೂಜಿದಾರ

ಕಾಗದದದೋಣಿ ಅವರೇ, ನಿಮ್ಮ ನೋವು ಅರ್ಥವಾಗುತ್ತದೆ. ಮೊದಲು ನೋಡಿದವರಿಗೂ ಆ ಎರಡು ಹುಣ್ಣುಗಳು ಒಂದೇ ತರಹ ಕಂಡಿರುತ್ತವೆ.

ಕಿಟಕಿಯಂಚು ಅವರೇ, ನಿಮ್ಮ ಬೆಕ್ಕು ಎಳೆಯದು, ಹುಣ್ಣು ಮೇಲ್ದುಟಿಯ ಅದೇ ಪರಿಚಿತ ಜಾಗದಲ್ಲಿದೆ, ಪಟ್ಟಿಯಲ್ಲಿ ಇಯೊಸಿನೊಫಿಲ್ ಕಂಡಿದೆ. ಇಂಥಲ್ಲಿ ಚಿಕಿತ್ಸೆ ಕೊಟ್ಟು ನೋಡುವುದು ತಪ್ಪಲ್ಲ. ವಯಸ್ಸಾದ ಬೆಕ್ಕು, ಕೆಳದುಟಿ, ರಕ್ತ ಒಸರುವುದು, ಬಾಯಿ ವಾಸನೆ, ಹಲ್ಲು ಅಲುಗಾಡುವುದು, ಒಂದೇ ಬದಿಗೆ ವೇಗವಾಗಿ ಬೆಳೆಯುವುದು, ಇಲ್ಲವೇ ಸರಿಯಾದ ಚಿಕಿತ್ಸೆಗೆ ಮೂರು ನಾಲ್ಕು ವಾರದಲ್ಲೂ ಬಗ್ಗದಿರುವುದು, ಇವುಗಳಲ್ಲಿ ಯಾವುದೇ ಇದ್ದರೂ ಬಯಾಪ್ಸಿಯನ್ನು ಮುಂದೂಡಬಾರದು. ನೀವು ಮಾಡಿಸುವುದೇ ಆದರೆ ಸ್ಟೀರಾಯ್ಡ್ ಶುರುಮಾಡುವ ಮೊದಲೇ ಮಾಡಿಸಿ. ಒಳಗೆ ಸ್ಟೀರಾಯ್ಡ್ ಇದ್ದರೆ ತುಣುಕಿನ ಓದು ಕಲಸಿಹೋಗುತ್ತದೆ. ನನ್ನ ಕಣ್ಣಿಗೆ ದೀರ್ಘಾವಧಿ ಇಂಜೆಕ್ಷನ್‌ನ ದೊಡ್ಡ ದೋಷ ಇದೇ: ಮೊದಲ ಊಹೆ ತಪ್ಪಿದ್ದರೆ ಹಿಂದಿರುಗಿ ನೋಡುವ ಬಾಗಿಲನ್ನು ಅದು ಹಲವು ವಾರ ಮುಚ್ಚಿಬಿಡುತ್ತದೆ.

ಇನ್ನು ಚಿಗಟದ ವಿಚಾರ. ಕಾಣಲಿಲ್ಲ ಎಂದಿರಿ. ಚಿಗಟಕ್ಕೆ ಅಲರ್ಜಿಯಿರುವ ಬೆಕ್ಕು ದಿನವಿಡೀ ನೆಕ್ಕಿ ನೆಕ್ಕಿ ಸಾಕ್ಷಿಯನ್ನೇ ನುಂಗಿರುತ್ತದೆ. ಸೀರಣಿಗೆ ತೆಗೆದುಕೊಂಡು ಬಾಲದ ಬುಡದಲ್ಲೂ ಕತ್ತಿನಲ್ಲೂ ಬಾಚಿ, ಬಿದ್ದ ಕರಿಯ ಹುಡಿಯನ್ನು ಒದ್ದೆ ಬಿಳಿ ಕಾಗದದ ಮೇಲೆ ಉಜ್ಜಿ. ಮಣ್ಣಾದರೆ ಮಣ್ಣಿನ ಬಣ್ಣವೇ ಉಳಿಯುತ್ತದೆ. ಚಿಗಟದ ಹಿಕ್ಕೆಯಾದರೆ ಕೆಂಗಂದು ಹರಡುತ್ತದೆ, ಏಕೆಂದರೆ ಅದು ಜೀರ್ಣವಾದ ರಕ್ತ. ಸನ್ಯಾಸಿಯನ್ನೂ ಬಾಚಿ.

ಕಿಟಕಿಯಂಚು

ಬಾಚಿದೆ. ಅವಳಲ್ಲಿ ಏನೂ ಇಲ್ಲ, ಹೊಳೆಯುವ ಕೂದಲು. ಸನ್ಯಾಸಿಯ ಬಾಲದ ಬುಡದಿಂದ ಹತ್ತು ಹನ್ನೆರಡು ಕರಿಯ ಕಣ. ಒದ್ದೆ ಕಾಗದದ ಮೇಲೆ ಎಲ್ಲವೂ ಕೆಂಪಾದವು.

ಹೊರಗೆ ಹೋಗದ ಬೆಕ್ಕಿಗೆ ಎಲ್ಲಿಂದ ಬಂತು?

ರಾತ್ರಿಪಾಳಿ

ನಿಮ್ಮ ಪ್ಯಾಂಟಿನ ಅಂಚಿನಿಂದ, ಬಂದ ಅತಿಥಿಯ ನಾಯಿಯಿಂದ, ಹಿಂದಿನ ಬಾಡಿಗೆದಾರರ ಬೆಕ್ಕಿನಿಂದಲೂ ಬರಬಹುದು. ಕೋಶದೊಳಗಿನ ಚಿಗಟ ತಿಂಗಳುಗಟ್ಟಲೆ ಹಾಗೇ ಕಾಯುತ್ತದೆ, ಹೆಜ್ಜೆಯ ಅದುರು, ಮೈಬಿಸಿ ಸಿಕ್ಕ ದಿನ ಹೊರಬರುತ್ತದೆ. ಪ್ರಾಣಿಯ ಮೈಮೇಲೆ ಕಾಣುವುದು ಪರಿವಾರದ ಚಿಕ್ಕ ಭಾಗ. ಮೊಟ್ಟೆ, ಮರಿ, ಕೋಶ ಎಲ್ಲ ಹಾಸಿಗೆಯಲ್ಲಿ, ಜಮಖಾನೆಯಲ್ಲಿ, ಸೋಫಾದ ಸಂದಿಯಲ್ಲಿ. ಆದ್ದರಿಂದ ಇಬ್ಬರಿಗೂ ಔಷಧ, ಹಾಸಿಗೆ ಬಟ್ಟೆಗೆ ಬಿಸಿನೀರು, ನೆಲಕ್ಕೆ ವ್ಯಾಕ್ಯೂಮ್. ಒಂದು ತಿಂಗಳು ಹಾಕಿ ಗೆದ್ದೆವು ಎನ್ನಬೇಡಿ.

ಔಷಧದ ಪೊಟ್ಟಣದ ಮೇಲೆ ಬೆಕ್ಕಿನ ಚಿತ್ರ ಇರಲೇಬೇಕು. ನಾಯಿಗೆ ಹಾಕುವ ಪರ್ಮೆಥ್ರಿನ್ ಹನಿ ಬೆಕ್ಕಿಗೆ ಬಿದ್ದರೆ ಸೆಳವು ಬಂದು ಸಾಯಬಹುದು. ಚಿಕ್ಕ ನಾಯಿಯದನ್ನು ಅರ್ಧ ಹಾಕಿದರೆ ಆಯಿತು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಮೂರುಬೆಕ್ಕು

ಹಾಗಾದರೆ ಚಿಗಟ ಮಾತ್ರ ಓಡಿಸಿ ಸ್ಟೀರಾಯ್ಡ್ ಬಿಟ್ಟುಬಿಡಬಹುದಲ್ಲ? ಕಾರಣವೇ ಮುಖ್ಯ ಎನ್ನುವವರು ಅದನ್ನೇಕೆ ಹೇಳುತ್ತಿಲ್ಲ?

ಸೂಜಿದಾರ

ಒಳ್ಳೆಯ ಪ್ರಶ್ನೆ. ಬರೀ ಊತವಿದ್ದು ಚರ್ಮ ಒಡೆಯದಿದ್ದರೆ ಕೆಲವು ವೈದ್ಯರು ಹಾಗೇ ಮಾಡುತ್ತಾರೆ, ಕೆಲವು ಎಳೆಯ ಬೆಕ್ಕುಗಳಲ್ಲಿ ತಾನಾಗಿ ಇಳಿಯುವುದೂ ಇದೆ. ಇಲ್ಲಿ ಹುಣ್ಣು ಆಗಲೇ ಸವೆದಿದೆ. ಮುಳ್ಳುಮುಳ್ಳಾದ ನಾಲಿಗೆ ಅದನ್ನು ದಿನಕ್ಕೆ ನೂರು ಸಲ ಉಜ್ಜುತ್ತದೆ. ಆಳಕ್ಕೆ ಹೋದರೆ ಮಾದ ಮೇಲೂ ತುಟಿಯ ಆಕಾರ ಕೆಡಬಹುದು. ಮಾತ್ರೆ ಬೆಂಕಿ ಆರಿಸಲಿ, ಚಿಗಟದ ಔಷಧ ಸೌದೆ ತೆಗೆಯಲಿ. ಎರಡು ತಿಂಗಳು ಕಟ್ಟುನಿಟ್ಟಾಗಿ ಚಿಗಟ ತಡೆದ ಮೇಲೂ ಮರುಕಳಿಸಿದರೆ ಆಗ ಆಹಾರದ ಸರದಿ: ಹಿಂದೆಂದೂ ತಿನ್ನದ ಪ್ರೋಟೀನ್, ಅಥವಾ ಪ್ರೋಟೀನನ್ನು ಚೂರುಚೂರು ಮಾಡಿದ ವಿಶೇಷ ಆಹಾರ, ಎಂಟರಿಂದ ಹನ್ನೆರಡು ವಾರ, ನಡುವೆ ಒಂದು ತುಣುಕೂ ಬೇರೆಯದಿಲ್ಲ. ಅದೂ ಸೋತು ಮರುಕಳಿಸುತ್ತಲೇ ಇದ್ದರೆ ಸ್ಟೀರಾಯ್ಡ್ ಬದಲು ಸೈಕ್ಲೋಸ್ಪೊರಿನ್ ಎಂಬ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ಇದೆ. ಪರಿಣಾಮ ಕಾಣಲು ನಾಲ್ಕರಿಂದ ಆರು ವಾರ ಬೇಕು, ವಾಂತಿ ಭೇದಿ ಆಗಬಹುದು, ಹಸಿ ಮಾಂಸ ಮತ್ತು ಬೇಟೆ ನಿಲ್ಲಿಸಬೇಕು, ಖರ್ಚೂ ಹೆಚ್ಚು.

ಪ್ಲಾಸ್ಟಿಕ್ ಬಟ್ಟಲು ಇದ್ದರೆ ಸ್ಟೀಲಿನದೋ ಪಿಂಗಾಣಿಯದೋ ಮಾಡಿ. ಅದರಿಂದಲೇ ವಾಸಿಯಾಗುತ್ತದೆಂಬ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ, ಆದರೆ ನಷ್ಟವೂ ಇಲ್ಲ.

ಕಿಟಕಿಯಂಚು

ವೈದ್ಯರಿಗೆ ಕೆಂಪಾದ ಕಾಗದವನ್ನೇ ಒಯ್ದು ತೋರಿಸಿದೆ. ನಕ್ಕರು, ಆಮೇಲೆ ನೆರಳು ಕಂಡವರಂತೆ ತಮ್ಮ ಕುರ್ಚಿಯನ್ನೂ ನೋಡಿಕೊಂಡರು. ರಕ್ತದ ಸಕ್ಕರೆ ಪರೀಕ್ಷಿಸಿ, ಎದೆ ಆಲಿಸಿ, ಮಾತ್ರೆ ಶುರುಮಾಡಿದ್ದಾರೆ. ಈಗ ಯಾರಾದರೂ ನುಂಗಿಸುವ ವಿದ್ಯೆ ಹೇಳಿಕೊಡಿ. ನಿನ್ನೆಯ ಮಾತ್ರೆ ಮೂರು ಸಲ ಹೊರಬಂದು ನಾಲ್ಕನೆಯ ಸಲಕ್ಕೆ ನೊರೆಯಾಯಿತು.

ಹಳೆಯಮೀಸೆ

ಕಹಿ ಮಾತ್ರೆ, ನೊರೆ ಬರುವುದು ಅದಕ್ಕೇ. ಖಾಲಿ ಜೆಲಟಿನ್ ಕ್ಯಾಪ್ಸೂಲ್ ಸಿಗುತ್ತದೆ, ಎಲ್ಲಕ್ಕಿಂತ ಚಿಕ್ಕ ಅಳತೆಯದರಲ್ಲಿ ಮಾತ್ರೆ ಇಟ್ಟರೆ ನಾಲಿಗೆಗೆ ಗೊತ್ತಾಗುವುದಿಲ್ಲ. ಬೆಕ್ಕನ್ನು ಎದುರಿನಿಂದ ಹಿಡಿಯಬೇಡಿ. ಬೆನ್ನು ನಿಮ್ಮ ಹೊಟ್ಟೆಗೆ ತಾಗುವಂತೆ ಕೂರಿಸಿಕೊಂಡು, ಮೂಗು ಚಾವಣಿಗೆ ಮಾಡಿ, ನಾಲಿಗೆಯ ಹಿಂಭಾಗಕ್ಕೆ ಬೀಳಿಸಿ, ಹಿಂದೆಯೇ ನೀರು. ಮೂಗು ನೆಕ್ಕಿಕೊಂಡಿತೆಂದರೆ ನುಂಗಿತು. ಬರೀ ಗಂಟಲು ಅಲುಗಿದರೆ ನಂಬಬೇಡಿ.

ಮಾತ್ರೆ ಬೆರೆಸಿದ್ದೆಂದು ಊಟವನ್ನೇ ಬಿಟ್ಟರೆ ಮಾತ್ರ ಎರಡನೆಯ ದಿನವೇ ಫೋನ್ ಮಾಡಿ. ಬೆಕ್ಕು, ಅದರಲ್ಲೂ ದಪ್ಪ ಬೆಕ್ಕು, ಎರಡು ಮೂರು ದಿನ ಉಪವಾಸವಿದ್ದರೆ ಯಕೃತ್ತಿಗೆ ಕೊಬ್ಬು ನುಗ್ಗುತ್ತದೆ. ತುಟಿಯ ಹುಣ್ಣಿಗಿಂತ ಅದು ದೊಡ್ಡ ಆಪತ್ತು.

ಕಿಟಕಿಯಂಚು (ಮೂರು ವಾರಗಳ ನಂತರ)

ಹುಣ್ಣು ಕಾಲುಭಾಗಕ್ಕೆ ಇಳಿದಿದೆ. ನೀರು ಹೆಚ್ಚು ಕುಡಿಯುತ್ತಾಳೆ, ಸದಾ ಹಸಿವು, ಸನ್ಯಾಸಿಯ ತಟ್ಟೆಗೂ ದಾಳಿ. ಸ್ಟೀರಾಯ್ಡ್‌ನ ಸಹಜ ಪರಿಣಾಮ ಎಂದರು, ಆದರೂ ಬಟ್ಟಲಿಗೆ ಅಳೆದು ನೀರು ಹಾಕುತ್ತಿದ್ದೇನೆ. ವಾರಕ್ಕೊಮ್ಮೆ ಅದೇ ಕಿಟಕಿಯ ಬೆಳಕಿನಲ್ಲಿ ಅದೇ ಕೋನದಿಂದ ಫೋಟೊ. ದಿನವೂ ನೋಡುವ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಫೋಟೊಗಳನ್ನು ಸಾಲಾಗಿ ಇಟ್ಟಾಗ ತಿಳಿಯುತ್ತದೆ.

ಕಿಟಕಿಯಂಚು (ಆರು ತಿಂಗಳ ನಂತರ)

ಒಪ್ಪಿಸಿಕೊಳ್ಳಬೇಕಾದ್ದು ಒಂದಿದೆ. ಏಳನೆಯ ವಾರಕ್ಕೆ ಮಾತ್ರೆ ನಿಂತಿತ್ತು, ತುಟಿ ಪೂರ್ತಿ ಮಾದಿತ್ತು. ಚಿಗಟದ ಹನಿಯನ್ನು ನಾಲ್ಕು ತಿಂಗಳು ತಪ್ಪದೆ ಹಾಕಿದೆ, ಆಮೇಲೆ ಚಳಿಗಾಲವಲ್ಲವೇ ಎಂದು ಎರಡು ತಿಂಗಳು ಬಿಟ್ಟೆ. ಹೋದ ವಾರ ತುಟಿ ಮತ್ತೆ ಮುನಿಸಿಕೊಂಡಿತು. ಈ ಸಲ ನಾನು ನಗಲಿಲ್ಲ, ಸೀರಣಿಗೆ ಹುಡುಕಿದೆ. ಕಾಗದ ಮತ್ತೆ ಕೆಂಪು.

ಮೂರುಬೆಕ್ಕು

ಮನೆಯೊಳಗಿನ ಬಿಸಿಗೆ ಚಿಗಟಕ್ಕೆ ಚಳಿಗಾಲ ಎಲ್ಲಿಯದು? ಬೇಸರಿಸಬೇಡಿ, ನಾನೂ ಇದೇ ತಪ್ಪು ಮಾಡಿದ್ದೇನೆ. ಆ ಏಳು ತಿಂಗಳ ಲೆಕ್ಕ ಈಗ ನನಗೂ ಅರ್ಥವಾಗುತ್ತಿದೆ.

ಸೂಜಿದಾರ

ಒಂದರ್ಥದಲ್ಲಿ ಇದು ಒಳ್ಳೆಯ ಸುದ್ದಿ. ಹನಿ ಇದ್ದಾಗ ಇಲ್ಲ, ಬಿಟ್ಟಾಗ ಇದೆ ಎಂದರೆ ಅವಳ ಕಾರಣ ಯಾವುದೆಂದು ತುಟಿಯೇ ಹೇಳಿದ ಹಾಗಾಯಿತು. ಆಹಾರದ ಹನ್ನೆರಡು ವಾರ ನಿಮಗೆ ಸದ್ಯಕ್ಕೆ ಉಳಿಯಿತು. ವೈದ್ಯರು ಏನೆಂದರು?

ಕಿಟಕಿಯಂಚು

ಅವರೂ ಅದನ್ನೇ ಎಂದರು. ಚರ್ಮ ಒಡೆಯುವ ಮೊದಲೇ ಬಂದದ್ದರಿಂದ ಈ ಸಲ ಹತ್ತು ದಿನದ ಮಾತ್ರೆ, ಇಬ್ಬರಿಗೂ ವರ್ಷಪೂರ್ತಿ ಹನಿ. ಇಂದಿಗೆ ಒಂಬತ್ತನೆಯ ದಿನ. ಬೆಳಗಿನ ಫೋಟೊದಲ್ಲಿ ಬಲತುಟಿ ಎಡತುಟಿಯಷ್ಟೇ ಇದೆ. ನುಂಗಿಸುವುದರಲ್ಲಿ ಈಗ ಪಳಗಿದ್ದೇನೆ ಎಂದು ಬೀಗುತ್ತ ಸೋಫಾ ಸರಿಸಿ ವ್ಯಾಕ್ಯೂಮ್ ಹಾಕಲು ಹೋದರೆ, ಅಡಿಯಲ್ಲಿ ನಾಲ್ಕು ಕ್ಯಾಪ್ಸೂಲ್ ಬಿದ್ದಿವೆ.